ಗಾಜಿನ ಆ ತುದಿಯವನು

ನನ್ನ ಗಂಡನ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಮದುವೆಯಾದ ಹೊಸದರಲ್ಲಿ ಬೀದಿಗೆ ಹೊರಟರೆ ಅವರು ಮುಂದೆ, ನಾನು ಹಿಂದೆ. ಪಕ್ಕದಲ್ಲಿ ನಡೆಯಿರಿ ಎಂದು ಗೋಗರೆದರೆ ನಾಲ್ಕು ಹೆಜ್ಜೆ ಪಕ್ಕದಲ್ಲಿ ಬಂದು ಮತ್ತೆ ಮುಂದೆ ಹೋಗಿಬಿಡುತ್ತಿದ್ದರು. ತಿರುಗಿ ನೋಡುವುದಂತೂ ಇಲ್ಲವೇ ಇಲ್ಲ. ಒಮ್ಮೆ ಮಾರುಕಟ್ಟೆಯ ಜನಜಂಗುಳಿಯಲ್ಲಿ, ಏನು ಮಾಡುತ್ತಾರೋ ನೋಡೇಬಿಡೋಣ ಎಂದು, ಬೇಕೆಂದೇ ನಿಂತುಬಿಟ್ಟೆ. ಆ ಮಹಾನುಭಾವರು ಮನೆಯವರೆಗೂ ಒಬ್ಬರೇ ನಡೆದುಹೋಗಿ, ಬಾಗಿಲ ಬೀಗ ತೆಗೆದು, ಚೀಲ ಕೊಡು ಎಂದು ಹಿಂದಕ್ಕೆ ಕೈ ಚಾಚಿದರಂತೆ. ಪಕ್ಕದ ಮನೆಯಾಕೆ ಇದನ್ನು ನೋಡಿ, ಆಮೇಲೆ ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಇದಕ್ಕೆಲ್ಲ ಕಾರಣ ಅವರ ಕೆಲಸ. ಅವರು ಗಾಜಿನ ಕಾರ್ಖಾನೆಯಲ್ಲಿ ಹಾಳೆಗಾಜು ಹೊರುತ್ತಿದ್ದರು. ಬಾಗಿಲಿನಷ್ಟು ಎತ್ತರದ, ಕೆಲವೊಮ್ಮೆ ಗೋಡೆಯಷ್ಟು ಅಗಲದ ಗಾಜು. ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಇಬ್ಬರು ಹೊರಬೇಕು, ಮುಂದೊಬ್ಬ, ಹಿಂದೊಬ್ಬ. ಮುಂದಿನವನ ಕಣ್ಣು ದಾರಿಯ ಮೇಲಿರಬೇಕು, ಹಿಂದಿನವನ ಕಣ್ಣು ಗಾಜಿನ ಮೇಲೆ. ಮುಂದಿನವನು ಕತ್ತು ತಿರುಗಿಸಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಗಾಜು ತಿರುಚುತ್ತದೆ, ತಿರುಚಿದ ಗಾಜು ಒಡೆಯದೆ ಇರುವುದಿಲ್ಲ. ಹಾಗಾಗಿ ಮುಂದಿನವನಾದವನು ಹಿಂದೆ ಇರುವವನನ್ನು ನಂಬಿ ನಡೆಯಬೇಕು. ನಮ್ಮವರು ಮುಂದಿನವರು. ಆ ಅಭ್ಯಾಸ ಅವರಿಗೆ ಬೀದಿಯಲ್ಲೂ ಬಿಡಲಿಲ್ಲ, ಸಂಸಾರದಲ್ಲೂ ಬಿಡಲಿಲ್ಲ.

ಹಿಂದಿನವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಜೋಡಿ ಎಂದು ಕರೆಯುತ್ತಿದ್ದರು. ಅದೇ ಅವನ ಹೆಸರಾಗಿಹೋಗಿತ್ತು. ನಮ್ಮವರಿಗಿಂತ ಚಿಕ್ಕವನು, ತೆಳ್ಳನೆ ಆಳು, ಮಾತು ಕಡಿಮೆ, ನಗು ಜಾಸ್ತಿ. ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ನಾನು ಅವನನ್ನು ನನ್ನ ಸವತಿ ಎನ್ನುತ್ತಿದ್ದೆ, ಅವನ ಎದುರಿಗೇ. ಅದರಲ್ಲಿ ಸುಳ್ಳೇನಿತ್ತು? ಹಗಲೆಲ್ಲ ಗಂಡ ಅವನ ಜೊತೆ. ಸಂಜೆ ಮನೆಗೆ ಬಂದ ಮೇಲೂ ಬಾಯಲ್ಲಿ ಅವನದೇ ಮಾತು. ಇವತ್ತು ಜೋಡಿ ಹೀಗಂದ, ಜೋಡಿಗೆ ಕೆಮ್ಮು, ಜೋಡಿಯ ತಾಯಿಗೆ ಕಣ್ಣಿನ ಪೊರೆ. ಒಂದು ದಿನ ತಡೆಯಲಾರದೆ, ಅವನ ಜೊತೆಯೇ ಸಂಸಾರ ಮಾಡಿ ಹೋಗಿ ಎಂದೆ. ಅದಕ್ಕವರು, ಅವನಿಗೆ ಅಡುಗೆ ಬರಲ್ಲ ಕಣೆ ಎಂದರು.

ಜೋಡಿ ದಿನಾ ಬೆಳಗ್ಗೆ ಸೈಕಲ್ಲಿನಲ್ಲಿ ಬಂದು ನಮ್ಮ ಕಿಟಕಿಯ ಮುಂದೆ ನಿಲ್ಲುತ್ತಿದ್ದ. ಬಾಗಿಲು ತಟ್ಟುವುದಿಲ್ಲ, ಹೆಸರು ಹಿಡಿದು ಕೂಗುವುದಿಲ್ಲ. ಕಿಟಕಿಯ ಗಾಜಿನ ಮೇಲೆ ಉಗುರಿನಿಂದ ಎರಡು ಸಲ ಟಕ್ ಟಕ್ ಎನ್ನಿಸುತ್ತಿದ್ದ. ಕಿಟಕಿಯ ಹತ್ತಿರ ನನ್ನ ಹೊಲಿಗೆ ಮೆಷಿನ್ನು, ಬೀದಿಯವರ ಬಟ್ಟೆ ಹೊಲಿದು, ಚಿಕ್ಕದು ದೊಡ್ಡದು ಮಾಡಿಕೊಡುವುದು ನನ್ನ ಕಸುಬು. ನಾನು ಮೆಷಿನ್ನಿನ ಸದ್ದಿನಲ್ಲಿ ಕೂಗಿದರೆ ಕೇಳಿಸದ ನನ್ನ ಗಂಡ, ಕಿಟಕಿಯ ಚೌಕಟ್ಟಿಗೆ ಒರಗಿ ಚಹಾ ಕುಡಿಯುತ್ತಿದ್ದವರು, ಆ ಟಕ್ ಟಕ್‌ಗೆ ಲೋಟ ಕೆಳಗಿಟ್ಟು ಹೊರಟೇಬಿಡುತ್ತಿದ್ದರು. ಕಿಟಕಿಗೆ ಎರಡು ಗಾಜು. ಒಂದು ಯಾವತ್ತೋ ಒಡೆದು, ಅಲ್ಲಿಗೆ ರಟ್ಟು ಅಂಟಿಸಿದ್ದೆವು. ಊರಿಗೆಲ್ಲ ಗಾಜು ಹೊತ್ತವರ ಮನೆಯ ಕಿಟಕಿಗೆ ರಟ್ಟು. ನಾಳೆ ತರುತ್ತೇನೆ ಎನ್ನುತ್ತಲೇ ಇದ್ದರು.

ಅವರ ಕಿವಿಯ ವಿಷಯ ಈಗಲೇ ಹೇಳಿಬಿಡುತ್ತೇನೆ. ಗಾಜು ಹೊರುವುದಕ್ಕೆ ಮುಂಚೆ ಅವರು ಗಾಜಿನ ಅಂಚು ಉಜ್ಜುವ ಯಂತ್ರದ ಪಕ್ಕದಲ್ಲಿ ಬಹಳ ಕಾಲ ನಿಂತವರು. ಆ ಕಿರ್ರೆನ್ನುವ ಸದ್ದು ಅವರ ಕಿವಿಯನ್ನು ತಿಂದುಹಾಕಿತ್ತು. ಅವರು ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ನಾನೋ, ಹೆಂಡತಿಯ ಮಾತಿಗೆ ಮಾತ್ರ ಕಿವುಡು ಎಂದುಕೊಂಡು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಬಾಳು ಎಂದು ಗೊಣಗುತ್ತಿದ್ದೆ. ಎಲ್ಲ ಗಂಡಸರೂ ಹೀಗೇ ಎಂದು ಪಕ್ಕದ ಮನೆಯಾಕೆಯೂ ಹೇಳುತ್ತಿದ್ದಳು.

ಅವರ ಕೈಗೆ ಪೆಟ್ಟಾದ ದಿನ ಕಾರ್ಖಾನೆಗೆ ತಪಾಸಣೆಯವರು ಬರುವವರಿದ್ದರು. ಹಾಗಾಗಿ ಬೆಳಗ್ಗೆಯೇ ಎಲ್ಲರಿಗೂ ಹೊಸ ಕೈಗವಸು ಹಂಚಿದ್ದರು, ಅಂಗೈಗೆ ದಪ್ಪ ರಬ್ಬರಿನದು. ಅಲ್ಲಿಯವರೆಗೆ ಇವರೆಲ್ಲ ಅಂಗೈಗೆ ತೊಗಲಿನ ತೆಳು ಪಟ್ಟಿ ಸುತ್ತಿಕೊಂಡೇ ಗಾಜು ಹೊತ್ತವರು. ಅವತ್ತಿನ ಮೊದಲನೆಯ ಹಾಳೆಯನ್ನು ಎತ್ತಿಕೊಂಡು ಇಳಿಜಾರಿನಲ್ಲಿ ಹೋಗುವಾಗ ಗಾಜು ಹಿಂದಿನ ಮೂಲೆಯಿಂದ ಬಿರುಕು ಬಿಟ್ಟಿತು. ಗಾಜು ಬಿರುಕು ಬಿಟ್ಟರೆ ಅಲ್ಲಿಯ ಕಟ್ಟಳೆ ಒಂದೇ. ಹಿಂದಿನವನು ಬಿಡು ಎಂದು ಕೂಗಬೇಕು, ಕೂಗಿದ ತಕ್ಷಣ ಇಬ್ಬರೂ ಕೈಬಿಟ್ಟು ಪಕ್ಕಕ್ಕೆ ಹಾರಬೇಕು. ಗಾಜು ಹೋದರೆ ಹೋಯಿತು. ಯೋಚನೆ ಮಾಡುತ್ತ ನಿಂತವನ ಕೈ ಹೋಗುತ್ತದೆ ಎಂದು ಅವರಲ್ಲೊಂದು ಮಾತೇ ಇದೆ. ಜೋಡಿ ಕೂಗಿದ್ದು ಎಲ್ಲರಿಗೂ ಕೇಳಿಸಿತಂತೆ. ನಮ್ಮವರು ಬಿಡಲಿಲ್ಲ. ಹಿಂದಿನ ಅರ್ಧ ಕಳಚಿಕೊಂಡಾಗ ಮುಂದಿನ ಅರ್ಧ ಅವರ ಬಲಗೈಯ ಮೇಲೆ, ಕೈಗವಸು ಮುಗಿಯುವ ಜಾಗದಲ್ಲಿ, ಜಾರಿತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ನರ ಜೋಡಿಸಿದರು. ಗಾಯ ಮಾಯಿತು, ಆದರೆ ಬೆರಳುಗಳು ಮಡಚಲಿಲ್ಲ. ಬಿಸಿ ಯಾವುದು, ತಣ್ಣಗೆ ಯಾವುದು, ಅದೂ ಆ ಬೆರಳುಗಳಿಗೆ ತಿಳಿಯುತ್ತಿರಲಿಲ್ಲ. ಲೋಟ ಹಿಡಿದರೆ ಜಾರುತ್ತಿತ್ತು. ಅಂಗಿಯ ಗುಂಡಿ ನಾನೇ ಹಾಕಬೇಕಾಯಿತು. ನಾನು ಗುಂಡಿ ಹಾಕುವಾಗ ಅವರು ನನ್ನ ತಲೆಯ ಮೇಲಿಂದ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಿದ್ದರು.

ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡುವ ಕಚೇರಿ ಒಂದಿದೆ, ಅಲ್ಲಿಗೆ ಹೋಗಿ ಎಂದು ಕಾರ್ಖಾನೆಯ ಕೆಲಸಗಾರರ ಸಂಘದವರು ಹೇಳಿದರು. ಹೋದೆವು. ಹೋಗುತ್ತಲೇ ಇದ್ದೆವು. ಉದ್ದನೆ ಹಜಾರ, ಮರದ ಬೆಂಚು, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಬೆಂಚಿನ ಮೇಲೆ ಕಾಲಿಲ್ಲದವರು, ಬೆನ್ನು ಹಿಡಿದುಕೊಂಡವರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು. ಒಳಗಿನಿಂದ ಒಬ್ಬ ಬಂದು ಸಂಖ್ಯೆ ಕೂಗಿ ಹೋಗುತ್ತಾನೆ. ಮೊದಲ ಸಲ ಅವರೊಬ್ಬರೇ ಹೋಗಿದ್ದರು. ಸಂಖ್ಯೆ ಕೂಗಿದ್ದು ಕೇಳಿಸದೆ, ಸರದಿ ತಪ್ಪಿ, ಬಾಗಿಲು ಹಾಕುವವರೆಗೆ ಕೂತು ಎದ್ದು ಬಂದರು. ಇವತ್ತು ಅಧಿಕಾರಿ ಬರಲಿಲ್ಲ ಎಂದು ನನಗೆ ಸುಳ್ಳು ಹೇಳಿದರು. ಎರಡನೆಯ ಸಲ ನಾನೂ ಜೊತೆಗೆ ಹೋದೆ. ಕಿವಿಯ ಪಕ್ಕದಲ್ಲೇ ಸಂಖ್ಯೆ ಕೂಗಿದರೂ ಈ ಮನುಷ್ಯ ಗಡಿಯಾರ ನೋಡುತ್ತ ಕೂತಿದ್ದು ಕಂಡಾಗ ನನಗೆ ವಿಷಯ ಅರ್ಥವಾಯಿತು. ಇಷ್ಟು ವರ್ಷ ನಾನು ಬೈದಿದ್ದೆಲ್ಲ ಯಾರಿಗೆ ಎಂದು ಯೋಚಿಸಿದೆ.

ಅಲ್ಲಿಂದ ತಪಾಸಣೆಯ ಡಾಕ್ಟರ ಹತ್ತಿರ ಕಳಿಸಿದರು. ಕೈ ಎಷ್ಟು ಕೆಟ್ಟಿದೆ ಎಂದು ಅವರು ಅಳೆದು ಬರೆಯಬೇಕು. ನನ್ನ ಬೆರಳು ಹಿಡಿದು ಅಮುಕಿ ಎಂದರು ಡಾಕ್ಟರು. ನಮ್ಮವರು ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಅಮುಕಲು ನೋಡಿದರು. ನೋವಿದೆಯಾ ಎಂದರೆ ಇಲ್ಲ ಎಂದರು. ಕೆಲಸ ಮಾಡೋಕಾಗುತ್ತಾ ಎಂದರೆ, ಇನ್ನು ಸ್ವಲ್ಪ ದಿನ ಸಾರ್, ಆಮೇಲೆ ಹೊತ್ತೇ ಹೊರ್ತೀನಿ ಎಂದರು. ಹೊರಗೆ ಬಂದ ಮೇಲೆ ತಡೆಯಲಾಗದೆ ಅವರ ದಾರಿಗೆ ಅಡ್ಡ ನಿಂತೆ. "ಬೇರೆಯವರು ನೆಟ್ಟಗೆ ಬಂದು ಡಾಕ್ಟರ ಮುಂದೆ ಕುಂಟ್ತಾರೆ. ನೀವು ಕುಂಟ್ಕೊಂಡು ಬಂದು ಡಾಕ್ಟರ ಮುಂದೆ ಕುಣೀತೀರಲ್ರೀ" ಎಂದೆ. ಅವರು ನನ್ನನ್ನು ದಾಟಿ ಮುಂದೆ ನಡೆದರು. ಸ್ವಲ್ಪ ದೂರ ಹೋದ ಮೇಲೆ, ತಿರುಗಿ ನೋಡದೆ, ಆಗಲ್ಲ ಅಂತ ನನ್ನ ಬಾಯಿಂದ ನಾನೇ ಹೆಂಗೆ ಹೇಳ್ಲಿ ಎಂದರು.

ಡಾಕ್ಟರು ಒಳ್ಳೆಯವರು. ಸೂಜಿಯಿಂದ ಬೆರಳುಗಳ ತುದಿ ಚುಚ್ಚಿ ನೋಡಿ, ಬೆರಳು ಮಡಚುವುದಿಲ್ಲ, ಸ್ಪರ್ಶ ತಿಳಿಯುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರು. ತೊಡಕು ಬಂದಿದ್ದು ಕಾರ್ಖಾನೆಯ ಕಡೆಯಿಂದ. ಹಿಂದಿನವನು ಕೂಗಿದ್ದಾನೆ, ಕೂಗಿದ್ದಕ್ಕೆ ಇಡೀ ಅಂಗಳವೇ ಸಾಕ್ಷಿ, ಈ ಮನುಷ್ಯ ಗಾಜು ಉಳಿಸುವ ಹಟಕ್ಕೆ ಬಿದ್ದು ಬೇಕೆಂದೇ ಕಟ್ಟಳೆ ಮುರಿದಿದ್ದಾನೆ, ಪರಿಹಾರ ಕೊಡಬೇಕಾಗಿಲ್ಲ ಎಂದು ಅವರ ವಕೀಲರು ವಾದ ಹೂಡಿದರು. ಸಂಘದವರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಈಗ ಇರುವುದು ಒಂದೇ ಪ್ರಶ್ನೆ. ಗಾಜು ಒಡೆಯುವ ಮೊದಲು ಜೋಡಿ ಕೂಗಿದನೋ ಇಲ್ಲವೋ. ಅವನು ವಿಚಾರಣೆಗೆ ಬಂದು ಏನು ಹೇಳುತ್ತಾನೋ ಅದರ ಮೇಲೆ ಎಲ್ಲವೂ ನಿಂತಿದೆ.

ಆ ಜೋಡಿ ಎಲ್ಲಿದ್ದ? ಆಸ್ಪತ್ರೆಯ ಮೊದಲ ದಿನ ರಕ್ತದ ಅಂಗಿಯಲ್ಲೇ ಬಾಗಿಲ ಹೊರಗೆ ನಿಂತಿದ್ದ. ಅದೇ ಕೊನೆ. ಪ್ರಕರಣ ಮುಗಿಯುವವರೆಗೆ ಅವರ ಮನೆ ಕಡೆ ತಲೆ ಹಾಕಬೇಡ ಎಂದು ಕಾರ್ಖಾನೆಯವರು ಹೇಳಿದ್ದಾರೆ ಎಂದು ಯಾರೋ ಅಂದರು. ಹೇಳಿದರೇನಂತೆ, ಕಾಲಿಗೆ ಸರಪಳಿ ಹಾಕಿದ್ದರೇ? ನಾನು ಹಿಡಿಶಾಪ ಹಾಕಿದೆ. ನಮ್ಮವರು ಮಾತ್ರ ಬೆಳಗ್ಗೆ ಅವನು ಬರುವ ಹೊತ್ತಿಗೆ ಸರಿಯಾಗಿ ಹೋಗಿ ಕಿಟಕಿಯ ಹತ್ತಿರ ಕೂರುತ್ತಿದ್ದರು. ಎಡಗೈಯಲ್ಲಿ ಚಹಾದ ಲೋಟ, ಬಲಗೈ ಗಾಜಿನ ಮೇಲೆ. ಆಮೇಲೆ ಲೋಟ ಕೆಳಗಿಟ್ಟು ಎಡಗೈಯನ್ನೂ ಗಾಜಿಗೆ ಅಂಗೈ ಅಗಲಿಸಿ ಒತ್ತಿ ಹಿಡಿಯುತ್ತಿದ್ದರು. ಕೈ ಉರಿಗೆ ತಂಪು ಬೇಕೇನೋ ಎಂದುಕೊಂಡೆ. ಒದ್ದೆ ಬಟ್ಟೆ ತಂದುಕೊಟ್ಟರೆ ಬೇಡ ಎಂದರು.

ಒಂದು ಸಂಜೆ ಹಾಗೇ ಕೂತಿದ್ದಾಗ, ಕಿಟಕಿಯ ಹೊರಗೆ ಹೋಗಿ ನಿಂತ್ಕೋ ಎಂದರು. ಏನು ಹುಚ್ಚು ಎಂದುಕೊಂಡೇ ಹೋದೆ. ಗಾಜಿನ ಮೇಲೆ ಕೈ ಇಡು ಎಂದು ಸನ್ನೆ ಮಾಡಿದರು. ಇಟ್ಟೆ. ಒಳಗಿನಿಂದ ಉಗುರಿನಿಂದ ಒಂದು ಸಲ ಬಡಿದರು. ನನ್ನ ಅಂಗೈಗೆ ಚುಳುಕ್ಕೆಂದಿತು. ಎರಡು ಸಲ ಬಡಿದರು. ಆಮೇಲೆ ಒಂದೇ ಸಮನೆ ಟಕಟಕಟಕ ಬಡಿದಾಗ ನನಗೇ ಗೊತ್ತಿಲ್ಲದೆ ಕೈ ಹಿಂದಕ್ಕೆ ಬಂತು. ಒಳಗೆ ಬಂದೆ. ಅವತ್ತು ಅವರು ಮೊದಲ ಸಲ ಎಲ್ಲ ಹೇಳಿದರು.

ಕಿವಿ ಹೋದದ್ದು ಕಾರ್ಖಾನೆಯಲ್ಲಿ ಜೋಡಿಗೆ ಮಾತ್ರ ಗೊತ್ತಿತ್ತು. ಗೊತ್ತಾದ ದಿನವೇ ಅವನು ಈ ಉಪಾಯ ಹೂಡಿದ. ಒಂದು ಬಡಿತಕ್ಕೆ ನಿಲ್ಲು. ಎರಡಕ್ಕೆ ಎತ್ತು, ನಡೆ. ಒಂದೇ ಸಮನೆ ಬಡಿದರೆ ಕೈಬಿಡು. ಗಾಜಿನ ಆ ತುದಿಯಲ್ಲಿ ಅವನು ಬಡಿದರೆ ಈ ತುದಿಯಲ್ಲಿ ಇವರ ಅಂಗೈಗೆ ಬರುತ್ತಿತ್ತು. ಎಷ್ಟೋ ವರ್ಷ ಹೀಗೇ ಹೊತ್ತರು. ಬಾಯಿಗಿಂತ ಅವನ ಬೆರಳೇ ಮುಂದಾಗುವಷ್ಟು ಅಭ್ಯಾಸವಾಗಿಹೋಗಿತ್ತು. ಅವತ್ತೂ ಬಿರುಕು ಕಂಡ ಕೂಡಲೇ ಅವನು ಕೂಗಲಿಲ್ಲ, ಬಡಿದ. ರಬ್ಬರಿನ ಕೈಗವಸು ಹಾಕಿದ ಬೆರಳಿನಿಂದ, ರಬ್ಬರಿನ ಕೈಗವಸು ಹಾಕಿದ ಕೈಗೆ. ಅದು ತಲುಪಲಿಲ್ಲ. ಜನಕ್ಕೆ ಕೇಳಿಸಿದ ಕೂಗು ಆಮೇಲಿನದು, ಗಾಜು ಇವರ ಕೈಮೇಲೆ ಬಂದ ಮೇಲಿನದು.

"ಹಂಗಾದ್ರೆ ಇದನ್ನೇ ಹೇಳ್ರೀ ಅಲ್ಲಿ" ಎಂದೆ.

"ಹೇಳಿದ್ರೆ ಅವನ ಕೆಲಸ ಹೋಗುತ್ತೆ. ಕೂಗ್ಬೇಕಾಗಿತ್ತು, ಕೂಗ್ಲಿಲ್ಲ. ನನ್ನ ಕಿವಿ ವಿಷಯ ಮುಚ್ಚಿಟ್ಟ. ಅವನ ತಾಯಿಗೆ ಕಣ್ಣು ಕಾಣಲ್ಲ, ಇವಳೇ. ನನ್ನ ಕೈ ಅಂತೂ ಹೋಯ್ತು. ಅವನ ಅನ್ನ ಯಾಕೆ ತೆಗೀಲಿ?"

"ನಮ್ಮ ಅನ್ನ?"

ಅವರು ಆಗಲೇ, ವಿಚಾರಣೆಯಲ್ಲಿ ಕೇಳಿದರೆ ಅವನು ಕೂಗಿದ್ದು ಕೇಳಿಸಿತು, ನಾನೇ ಬಿಡಲಿಲ್ಲ ಎಂದು ಹೇಳುವುದಾಗಿ ನಿರ್ಧಾರ ಮಾಡಿಕೊಂಡಿದ್ದರು. ನಾನು ಅತ್ತೆ, ಬೈದೆ, ಒಂದು ಹೊತ್ತು ಒಲೆ ಹಚ್ಚದೆ ಕೂತೆ. ಜಗಳದ ಕೊನೆಗೆ ಅವರು ಹೇಳಿದ್ದು ಒಂದೇ ಮಾತು. ಅವನು ಒಂದ್ಸಲ ಬಂದು ಕಿಟಕಿ ಬಡಿದ್ರೆ ಸಾಕು ಕಣೆ. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಮಗ್ಗುಲಲ್ಲೇ ಇದ್ದೆ.

ಮಾರನೆಯ ದಿನ ಅವರಿಗೆ ಹೇಳದೆ ಕಾರ್ಖಾನೆಯ ಗೇಟಿಗೆ ಹೋದೆ. ಜೋಡಿಯನ್ನು ಕತ್ತಿನಪಟ್ಟಿ ಹಿಡಿದು ಕೇಳಿಬಿಡುತ್ತೇನೆ ಎಂದೇ ಹೋಗಿದ್ದು. ಕಂಬಿಗಳ ಸಂದಿಯಿಂದ ಅಂಗಳ ಕಾಣುತ್ತಿತ್ತು. ಅವನು ಹೊಸ ಮುಂದಿನವನ ಜೊತೆ ಗಾಜು ಹೊರುತ್ತಿದ್ದ. ಆ ಹೊಸಬ ಹೆಜ್ಜೆ ಹೆಜ್ಜೆಗೂ ಕತ್ತು ತಿರುಗಿಸುತ್ತಿದ್ದ. ಜೋಡಿ ಪ್ರತಿಯೊಂದಕ್ಕೂ ಕೂಗುತ್ತಿದ್ದ, ಎತ್ತು, ನಡೆ, ನಿಲ್ಲು, ಗಂಟಲು ಹರಿದುಹೋಗುವ ಹಾಗೆ. ನಗುವ ಮುಖದಲ್ಲಿ ನಗು ಇರಲಿಲ್ಲ, ಗಡ್ಡ ಬೆಳೆದಿತ್ತು. ಮಧ್ಯಾಹ್ನದ ಬಿಡುವಿಗೆ ಹೊರಗೆ ಬಂದವನು ನನ್ನನ್ನು ಕಂಡು ನಿಂತಲ್ಲೇ ನಿಂತ. ಬೈಗುಳವನ್ನೆಲ್ಲ ದಾರಿಯುದ್ದಕ್ಕೂ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಮನೆ ದಾರಿ ಮರೆತೋಯ್ತೇನಪ್ಪಾ?" ಎಂದೆ.

ಅವನು ನೆಲ ನೋಡುತ್ತಿದ್ದ. "ಯಾವ ಮುಖ ಇಟ್ಕೊಂಡು ಬರ್ಲಿ ಅತ್ತಿಗೆ" ಎಂದ. ಆಮೇಲೆ, "ಅಣ್ಣ ಏನ್ ಮಾಡ್ತಿರ್ತಾನೆ?" ಎಂದು ಕೇಳಿದ.

ಕಿಟಕಿಯ ಹತ್ತಿರ ಕೂತಿರುತ್ತಾರೆ ಎಂದೆ. ಅಷ್ಟು ಹೇಳಿ ತಿರುಗಿ ಬಂದುಬಿಟ್ಟೆ. ಇವರು ಏನು ಹೇಳಲು ಹೊರಟಿದ್ದಾರೆ ಎಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ. ಹೇಳಬಾರದು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ದಾರಿಯುದ್ದಕ್ಕೂ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ.

ವಿಚಾರಣೆಯ ದಿನ ಒಗೆದ ಅಂಗಿ ತೊಡಿಸಿ, ಗುಂಡಿ ಹಾಕಿ, ಕರೆದುಕೊಂಡು ಹೋದೆ. ಅಂದರೆ ಅವರು ಮುಂದೆ ಹೋದರು, ನಾನು ಹಿಂದೆ ಹೋದೆ. ಅಧಿಕಾರಿಯ ಕೋಣೆ ಚಿಕ್ಕದು. ದೊಡ್ಡ ಮೇಜು, ಮೇಜಿನ ಮೇಲೆ ಅದರ ಅಗಲಕ್ಕೂ ಹಾಸಿದ ಗಾಜು, ಗಾಜಿನಡಿಯಲ್ಲಿ ಕ್ಯಾಲೆಂಡರು, ಯಾವುದೋ ಮಗುವಿನ ಫೋಟೋ. ಆ ಕಡೆ ಅಧಿಕಾರಿ, ಮಗ್ಗುಲಲ್ಲಿ ಕಾರ್ಖಾನೆಯ ವಕೀಲರು. ಈ ಕಡೆ ಒಂದು ತುದಿಯ ಕುರ್ಚಿಯಲ್ಲಿ ನಮ್ಮವರು, ಇನ್ನೊಂದು ತುದಿಯಲ್ಲಿ ಜೋಡಿ. ನಾನು ಗೋಡೆಗೆ ಒರಗಿ ನಿಂತೆ. ಪೆಟ್ಟಾದ ಮೇಲೆ ಅವರಿಬ್ಬರೂ ಒಂದು ಕೋಣೆಯಲ್ಲಿ ಸೇರಿದ್ದು ಅದೇ ಮೊದಲು. ಜೋಡಿ ಇವರನ್ನೇ ನೋಡುತ್ತಿದ್ದ. ಇವರು ಕತ್ತು ತಿರುಗಿಸಲಿಲ್ಲ. ಎರಡೂ ಕೈಗಳನ್ನು ಮೇಜಿನ ಗಾಜಿನ ಮೇಲೆ ಚಾಚಿ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು.

ಅಧಿಕಾರಿ ಪ್ರಶ್ನೆ ಕೇಳಿದರು. ನಮ್ಮವರ ಕಣ್ಣು ಗೋಡೆಯ ಮೇಲೇ ಇತ್ತು. ನಾನು ಹೋಗಿ ಅವರ ಮುಖದ ಎದುರಿಗೆ ಬಾಗಿ, ಜೋಡಿ ಕೂಗಿದ್ದು ಕೇಳಿಸಿತಾ ಎಂದು ಕೇಳ್ತಿದ್ದಾರೆ ಎಂದೆ.

"ಕೇಳಿಸ್ತು ಸಾರ್. ಅವನು ಕೂಗ್ದ, ಗಟ್ಟಿಯಾಗೇ ಕೂಗ್ದ. ನಾನೇ ಬಿಡ್ಲಿಲ್ಲ. ಗಾಜು ಉಳಿಸ್ಬೇಕು ಅಂತ ನಾನೇ ಹಟಕ್ಕೆ ಬಿದ್ದು..."

ವಕೀಲರು ಬರೆದುಕೊಳ್ಳತೊಡಗಿದರು. ಅಷ್ಟರಲ್ಲಿ ಮೇಜಿನ ಗಾಜು ಟಕಟಕಟಕ ಎಂದಿತು.

ಕೊನೆಯ ಬಡಿತ ಮುಗಿಯುವ ಮೊದಲೇ ನಮ್ಮವರ ಎಡಗೈ ಗಾಜಿನಿಂದ ಹಾರಿತ್ತು. ತೋಳಿನ ಸೆಳೆತಕ್ಕೆ ಬಲಗೈಯೂ ಎದೆಗೆ ಬಂದಿತ್ತು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ತಾಗಿತು. ಆಡುತ್ತಿದ್ದ ಮಾತು ಅಲ್ಲಿಗೇ ನಿಂತಿತು. ಇನ್ನೊಂದು ತುದಿಯಲ್ಲಿ ಜೋಡಿಯ ಬೆರಳು ಇನ್ನೂ ಗಾಜಿನ ಮೇಲಿತ್ತು, ಅವನ ಕಣ್ಣಲ್ಲಿ ನೀರು ತುಂಬಿತ್ತು. ಏನಪ್ಪಾ ಅದು ಎಂದು ಅಧಿಕಾರಿ ಕೇಳಿದ ಮೇಲೆ ಜೋಡಿ ಎದ್ದು ನಿಂತ.

"ಅವನು ಸುಳ್ಳು ಹೇಳ್ತಿದ್ದಾನೆ ಸಾರ್, ನನಗೋಸ್ಕರ. ಅವನಿಗೆ ಕಿವಿ ಕೇಳಿಸಲ್ಲ. ನಾವು ಮಾತಾಡೋದೇ ಹಿಂಗೆ. ನಾನು ಕೂಗ್ಲಿಲ್ಲ, ಬಡಿದೆ. ಕೈಗವಸು ಇತ್ತು, ಅವನಿಗೆ ತಲುಪಲಿಲ್ಲ. ತಲುಪಿದ್ರೆ ಬಿಟ್ಟೇಬಿಡ್ತಿದ್ದ. ಈಗ ಬಿಟ್ಟ ಹಾಗೆ."

ವಕೀಲರು ಏನೇನೋ ಆಕ್ಷೇಪ ಎತ್ತಿದರು. ಜೋಡಿ ಸಹಿ ಹಾಕಿಕೊಟ್ಟ ಹೇಳಿಕೆಯನ್ನು ಓದಿದರು. ಅದರಲ್ಲಿ ಕೂಗಿದೆ ಎಂದೇ ಇತ್ತು. ಅದೂ ನಿಜವೇ, ಆಮೇಲೆ ಕೂಗಿದೆ ಎಂದ ಜೋಡಿ. ಅಧಿಕಾರಿ ನನ್ನ ಕಡೆ ತಿರುಗಿ, ನಿಮ್ಮ ಯಜಮಾನರಿಗೆ ಕಿವಿ ಕೇಳಿಸಲ್ಲ ಅನ್ನೋದು ನಿಜವಾ ತಾಯಿ ಎಂದು ಕೇಳಿದರು. ನನ್ನ ಮಾತು ಕೇಳ್ತಿಲ್ಲ ಅಂತ ಇಷ್ಟು ವರ್ಷ ಬೈದಿದ್ದೀನಿ ಸಾರ್, ಕೇಳಿಸ್ತಿಲ್ಲ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು ಎಂದೆ. ಅಧಿಕಾರಿ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದಾಗ ಜೋಡಿ ಮೆಟ್ಟಿಲ ಹತ್ತಿರ ನಿಂತಿದ್ದ. ಇವರು ಅವನ ಹತ್ತಿರ ಹೋಗಿ ನಿಂತರು. ಯಾಕೋ ಹೇಳ್ದೆ ಎಂದು ಕೇಳಿದರು. ಅವನು ತಲೆ ತಗ್ಗಿಸಿ ಏನೋ ಹೇಳಿದ, ಇವರಿಗೆ ಕೇಳಿಸಲಿಲ್ಲ, ಬಡಿದು ಹೇಳಲು ಅಲ್ಲಿ ಗಾಜೂ ಇರಲಿಲ್ಲ. ಕಾರ್ಖಾನೆಯ ಮೇಸ್ತ್ರಿ ಬಂದು ಅವನನ್ನು ಕರೆದುಕೊಂಡು ಹೋದ.

ಆದೇಶ ಬರುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ಬೇಕೆಂದು ಕಟ್ಟಳೆ ಮುರಿದದ್ದಲ್ಲ, ಪರಿಹಾರ ಕೊಡತಕ್ಕದ್ದು ಎಂದು ಬಂತು. ಪಕ್ಕದ ಮನೆಯಾಕೆ ಸಿಹಿ ಕೇಳಿದಳು. ನಾನು ತಂದು ಹಂಚಿದೆ. ಮನೆಯಲ್ಲಿ ಹೊಟ್ಟೆಯ ಭಯ ಹೋಯಿತು, ಅದು ಚಿಕ್ಕ ಮಾತಲ್ಲ, ಬಡವರ ಬಾಯಲ್ಲಿ ಅದನ್ನು ಚಿಕ್ಕದು ಮಾಡಬಾರದು. ಆದರೆ ಅದೇ ವಾರ ಜೋಡಿಯನ್ನು ಕೆಲಸದಿಂದ ತೆಗೆದರು. ಸುದ್ದಿ ತಿಳಿದ ದಿನ ನಮ್ಮವರು ಊಟಕ್ಕೆ ಏಳಲಿಲ್ಲ. ಅವನ ಮನೆಗೆ ಹೋಗಿ ಬನ್ನಿ ಎಂದೆ. ಹೋದರು. ತಾಯಿಯನ್ನು ಕರೆದುಕೊಂಡು ಬೇರೆ ಕಡೆ ಹೋಗಿದ್ದಾರೆ ಎಂದು ಪಕ್ಕದವರು ಹೇಳಿದರಂತೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ, ಹೇಳಿದ್ದರೂ ಇವರಿಗೆ ಕೇಳಿಸಿತೋ ಇಲ್ಲವೋ.

ಪರಿಹಾರ ಕೈಗೆ ಬಂತು. ಅವನು ಬರಲಿಲ್ಲ. ನಮ್ಮವರು ಬೆಳಗ್ಗೆ ಕಿಟಕಿಯ ಹತ್ತಿರ ಕೂರುವುದು ನಿಲ್ಲಲಿಲ್ಲ. ಕಿವಿಗೆ ಯಂತ್ರ ಹಾಕಿಸೋಣ ಎಂದು ನಾನು ದುಂಬಾಲು ಬಿದ್ದೆ. ಹಾಕಿಸಿದೆವು. ಈಗ ನಾನು ಬೈದಿದ್ದು ಚೆನ್ನಾಗಿ ಕೇಳಿಸುತ್ತದೆ, ಬೇಡವೆಂದಾಗ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಕಿಟಕಿಯ ಹತ್ತಿರ ಕೂರುವಾಗಲಂತೂ ಕಳಚಿಯೇ ಕೂರುತ್ತಾರೆ. ಗಾಜಿಗೆ ಕೈ ಒತ್ತಿ, ಬೀದಿಯಲ್ಲಿ ಲಾರಿ ಹೋದರೆ ಲಾರಿ ಎನ್ನುತ್ತಾರೆ, ಗಾಳಿ ಬೀಸಿದರೆ ಗಾಳಿ ಎನ್ನುತ್ತಾರೆ. ಬಾರದವನನ್ನು ಕಾಯುತ್ತ ಕೂತ ಮನುಷ್ಯನ ಪಕ್ಕದಲ್ಲಿ ಮೆಷಿನ್ನು ತುಳಿಯುವುದು ಎಂಥ ಕಷ್ಟ ಎಂದು ಯಾರಿಗೆ ಹೇಳಲಿ. ಸವತಿ ಬರಲಪ್ಪಾ ಎಂದು ಹಾರೈಸಿದ ಹೆಂಗಸು ನಾನೊಬ್ಬಳೇ ಇರಬೇಕು.

ಮೊನ್ನೆ ಬೆಳಗ್ಗೆ ಯಾರದೋ ರವಿಕೆಯ ತೋಳು ಹೊಲಿಯುತ್ತಿದ್ದೆ. ಬೀದಿಯಲ್ಲಿ ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದು ಕೇಳಿಸಿತು. ಆ ಸದ್ದಿನ ಗುರುತು ನನಗೆ ಚೆನ್ನಾಗಿಯೇ ಇತ್ತು. ತಲೆ ಎತ್ತಿದರೆ ರಟ್ಟಿನ ಅಂಚಿನಾಚೆ ಜೋಡಿಯ ಭುಜ ಕಂಡಿತು. ನಮ್ಮವರು ಆ ಕಡೆ ಬೆನ್ನು ಮಾಡಿ, ಎಡಗೈಯನ್ನು ಹಿಂದಕ್ಕೆ ಗಾಜಿಗೆ ಒತ್ತಿಕೊಂಡು ಕೂತಿದ್ದರು. ಬಂದ ನೋಡ್ರೀ ಎಂದು ಕಿರುಚಬೇಕು ಎನಿಸಿತು. ತುಟಿ ಕಚ್ಚಿ ಸುಮ್ಮನಾದೆ. ಅದು ನಾನು ಹೇಳಬೇಕಾದ ಮಾತಾಗಿರಲಿಲ್ಲ.

ಟಕ್ ಟಕ್.

ಅವರು ಎದ್ದು ನಿಂತರು. ತಿರುಗಿ ಕೂಡ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ನಡೆದರು.

ಜೋಡಿ ಈಗ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾನಂತೆ. ಸೈಕಲ್ಲಿಗೆ ಒರಗಿಸಿ ಒಂದು ಗಾಜು ಇಟ್ಟಿದ್ದ, ನಮ್ಮ ಕಿಟಕಿಯ ರಟ್ಟಿನ ಅಳತೆಯದು. ಯಾವತ್ತೋ ನೋಡಿದ ಅಳತೆ, ನೆನಪಿಟ್ಟುಕೊಂಡಿದ್ದ. ಕಂಕುಳಲ್ಲಿ ಇಟ್ಟುಕೊಂಡು ಒಬ್ಬರೇ ತರಬಹುದಾದಷ್ಟು ಚಿಕ್ಕ ಗಾಜು. ಜೋಡಿ ಜೇಬಿನಿಂದ ಹಳೆಯ ತೊಗಲಿನ ಪಟ್ಟಿ ತೆಗೆದು ಇವರ ಎಡಗೈಗೆ ಸುತ್ತಿದ, ಆಮೇಲೆ ಬಲಗೈಗೂ ಸುತ್ತಿದ. ಇವರು ಮುಂದಿನ ಅಂಚಿಗೆ ಹೋಗಿ ನಿಂತು, ಎಡಗೈಯಲ್ಲಿ ಗಾಜು ಹಿಡಿದು, ಮಡಚದ ಬಲಗೈ ಬೆರಳುಗಳನ್ನು ಅದರ ಮೇಲೆ ಹಾಗೇ ಆನಿಸಿದರು. ಜೋಡಿ ಹಿಂದೆ ನಿಂತು ಎರಡು ಸಲ ಬಡಿದ. ಇಬ್ಬರೂ ಎತ್ತಿದರು. ಬೀದಿಯ ಜನ ನಿಂತು ನೋಡಿದರು. ಒಂದು ಕಿಟಕಿಯ ಗಾಜನ್ನು ಇಬ್ಬರು ಗಂಡಸರು ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಹೊತ್ತು ತರುತ್ತಿದ್ದರು.

ಬಾಗಿಲ ಹತ್ತಿರ ಬಂದಾಗ ಜೋಡಿ ಒಂದು ಸಲ ಬಡಿದ. ನಿಂತರು. ಆಗ ನಮ್ಮವರು ದಾರಿಯ ಮೇಲಿನ ಕಣ್ಣು ತೆಗೆಯದೆ ನನಗೆ ಹೇಳಿದರು, "ಈ ಕೈಗೂ ಗೊತ್ತಾಗ್ತಿದೆ ಕಣೆ."

ಆ ಬೆರಳುಗಳಿಗೆ ಏನೂ ತಿಳಿಯುವುದಿಲ್ಲ ಎಂದು ಡಾಕ್ಟರು ಸೂಜಿ ಚುಚ್ಚಿ ನೋಡಿಯೇ ಬರೆದದ್ದು. ಹೌದಾ ಎಂದೆ. ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಅವರಿಬ್ಬರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೆ.